ಅತಿಥಿಯ ಕಾಲು

ಉಮ್ಮ್ ಗಝಾಲದ ಸರಕಾರಿ ಆರೋಗ್ಯ ಕೇಂದ್ರಕ್ಕೆ ಕೊನೆಗೂ ಒಬ್ಬ ಡಾಕ್ಟರು ಬಂದರು. ಆದರೆ ಅವರಿಗೆ ಎದೆಯಿಂದ ಕೆಳಗೆ ಏನೂ ಇರಲಿಲ್ಲ. ನಾಲ್ಕು ಚಕ್ರದ ಸ್ಟ್ಯಾಂಡಿನ ಮೇಲೆ ಒಂದು ದೊಡ್ಡ ಪರದೆ, ಪರದೆಯ ನೆತ್ತಿಯಲ್ಲೊಂದು ಕ್ಯಾಮೆರಾ, ಒಳಗೆ ರಿಯಾದಿನಲ್ಲಿ ಕುಳಿತ ಡಾಕ್ಟರ್ ಅಖಿಲೇಶರ ಮುಖ, ಕುತ್ತಿಗೆ ಮತ್ತು ಟೈ. ತಬೂಕಿನಿಂದ ನೂರೆಪ್ಪತ್ತು ಕಿಲೋಮೀಟರು ದೂರದಲ್ಲಿ, ಜೋರ್ಡಾನ್ ಗಡಿಯ ಕಡೆಗೆ ಮುಖ ಮಾಡಿ ಕುಳಿತ ಆ ಊರಿಗೆ ಪೂರ್ತಿ ಡಾಕ್ಟರುಗಳನ್ನು ಕಳಿಸಿ ಕಳಿಸಿ ಸರಕಾರಕ್ಕೆ ಸಾಕಾಗಿತ್ತು. ಬಂದವರೆಲ್ಲ ಮೊದಲ ಚಳಿಗಾಲ ಮುಗಿಯುವುದರೊಳಗೆ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಅರ್ಧ ಡಾಕ್ಟರಾದರೆ ಓಡಿಹೋಗಲು ಕಾಲೇ ಇರುವುದಿಲ್ಲವಲ್ಲ ಎಂದು ಮೇಲಿನ ಕಚೇರಿಯಲ್ಲಿ ಯಾರಿಗೋ ಹೊಳೆದಿರಬೇಕು.

ಆ ಕೇಂದ್ರದ ಒಬ್ಬಳೇ ನರ್ಸು ರಮ್ಲತ್, ಉಪ್ಪಿನಂಗಡಿಯವಳು. ಬಂದು ಎಂಟು ತಿಂಗಳಾಗಿತ್ತು, ಅಷ್ಟರಲ್ಲೇ ಅವಳ ಅರಬಿ ಊರವರೊಡನೆ ಜಗಳ ಮಾಡುವಷ್ಟು ಪಳಗಿತ್ತು. ಡಾಕ್ಟರ್ ಅಖಿಲೇಶರು ಕಾರ್ಕಳದವರು. ಅವರ ಅರಬಿ ಸಲಾಮಿನಲ್ಲಿ ಶುರುವಾಗಿ, ಹೊರಡೋಣ ಎನ್ನುವ ಯಲ್ಲಾದಲ್ಲಿ ಮುಗಿದುಹೋಗುತ್ತಿತ್ತು. ಪರದೆಯ ಜೊತೆಗೆ ಕಳಿಸಿದ್ದ ಭಾಷಾಂತರದ ಸವಲತ್ತು ಅಲ್ಲಿನ ಬೆದೂಯಿನ್ ಬುಡಕಟ್ಟಿನವರ ಮಾತನ್ನು ಕೇಳಿದ ಮೊದಲ ದಿನವೇ ಕೆಟ್ಟು ಕುಳಿತಿತು. ಹೀಗಾಗಿ ಆ ಮರುಭೂಮಿಯ ಕೆಮ್ಮು, ನೆಗಡಿ, ಬೆನ್ನುನೋವುಗಳೆಲ್ಲ ಕನ್ನಡದಲ್ಲಿ ವಿಚಾರಣೆಯಾಗತೊಡಗಿದವು. ಅದನ್ನು ಕಂಡು ಊರಿನಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ವೈದ್ಯರಿಗೆ ತಮ್ಮದೇ ಒಂದು ಭಾಷೆ ಇರುತ್ತದೆ ಎಂದು ಅವರು ಮೊದಲಿಂದಲೂ ಕೇಳಿದ್ದರು.

ಊರಿನ ಹಿರಿಯರು ಅಬೂ ಮುಆಝ್, ಅಂದರೆ ಮುಆಝನ ತಂದೆ. ಎಪ್ಪತ್ತು ದಾಟಿದ ಅವರನ್ನು ಸ್ವಂತ ಹೆಸರು ಹಿಡಿದು ಕರೆಯುವ ಧೈರ್ಯವಿದ್ದವರೆಲ್ಲ ತೀರಿಕೊಂಡಾಗಿತ್ತು. ಅವರದು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ, ಅದಕ್ಕಿಂತ ಹಳೆಯ ಹಟ. ಬಲಗಾಲಿನ ಕಿರುಬೆರಳಿಗೆ ಮುಳ್ಳು ಚುಚ್ಚಿ ಆದ ಗಾಯ ಒಣಗದೆ ಪಕ್ಕದ ಬೆರಳಿಗೂ ದಾಟಿತ್ತು, ಎರಡೂ ಕಪ್ಪಗಾಗುತ್ತಿದ್ದವು. ರಮ್ಲತ್ ದಿನವೂ ಅವರ ಮನೆಗೆ ಹೋಗಿ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ಮಗಳೇ ಎಂದು ಕರೆದು ಕಾಲು ಚಾಚುತ್ತಿದ್ದ ಅಬೂ ಮುಆಝ್, ಅವಳು ಬೆನ್ನು ತಿರುಗಿಸಿದ ಕೂಡಲೇ ಬರಿಗಾಲಲ್ಲಿ ಒಂಟೆಗಳ ಹಿಂದೆ ಹೊರಟುಬಿಡುತ್ತಿದ್ದರು. ಸಂಜೆಗೆ ಆ ಪಟ್ಟಿಯಲ್ಲಿ ಅರ್ಧ ಮರುಭೂಮಿ ಇರುತ್ತಿತ್ತು.

ಬೇಗ ಆಪರೇಷನ್ ಆಗದಿದ್ದರೆ ಈ ಕಾಲು ಉಳಿಯುವುದಿಲ್ಲ ಎಂಬುದು ಅವಳಿಗೆ ಸ್ಪಷ್ಟವಿತ್ತು. ಅವಳ ಉಪ್ಪಾಪ, ಅಂದರೆ ಅಜ್ಜ, ಉಪ್ಪಿನಂಗಡಿ ಪೇಟೆಯಲ್ಲಿ ಮೀನು ಮಾರುತ್ತಿದ್ದವರು, ಇಂಥದೇ ಒಂದು ಸಣ್ಣ ಗಾಯವನ್ನು ಸಣ್ಣದು ಸಣ್ಣದು ಎನ್ನುತ್ತಲೇ ಮೊಣಕಾಲಿನವರೆಗೆ ಕಳೆದುಕೊಂಡು, ಆರು ತಿಂಗಳಲ್ಲಿ ತಾವೂ ಹೋಗಿಬಿಟ್ಟಿದ್ದರು. ಆಗ ರಮ್ಲತ್ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು, ಏನೂ ಮಾಡಲಾಗಿರಲಿಲ್ಲ. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ. ಇನ್ನೊಬ್ಬ ಮುದುಕರ ಕಾಲನ್ನು ಕಣ್ಣೆದುರೇ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಪರದೆ ಬಂದಾಗ ಅವಳಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ಒಮ್ಮೆ ಕಾಲು ನೋಡಿ, ಫಾರ್ಮಿನಲ್ಲಿ ಗುರುತು ಹಾಕಿದರೆ ತಬೂಕಿನ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುತ್ತದೆ. ಹನ್ನೆರಡು ನಿಮಿಷದ ಕೆಲಸ. ಒಬ್ಬ ರೋಗಿಗೆ ಸರಕಾರ ಕೊಟ್ಟ ಸಮಯವೂ ಹನ್ನೆರಡೇ ನಿಮಿಷ.

ಆದರೆ ರಿಯಾದಿನಿಂದ ಬಂದ ಅತಿಥಿಯನ್ನು ಆರೋಗ್ಯ ಕೇಂದ್ರದ ಸ್ಟೋರ್ ರೂಮಿನಲ್ಲಿ, ಗ್ಲೂಕೋಸ್ ಡಬ್ಬಗಳ ನಡುವೆ ನಿಲ್ಲಿಸಿದ್ದಾರೆಂದು ಕೇಳಿ ಅಬೂ ಮುಆಝರ ಮುಖ ಕೆಂಪಾಯಿತು. ಊರಿಗೆ ಬಂದವರು ತಮ್ಮ ಮನೆಯಲ್ಲಿ ಕೂರಬೇಕು, ಅದಕ್ಕೆ ಎರಡು ಮಾತಿಲ್ಲ. ಅಂದಿನಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಕೇಂದ್ರದ ಡ್ರೈವರ್ ಅಬ್ದುಲ್ ಅಝೀಝ್ ಪರದೆಯನ್ನು ಆಂಬುಲೆನ್ಸಿನಲ್ಲಿ ಮಲಗಿಸಿ, ಬೆಲ್ಟು ಬಿಗಿದು, ಅವರ ಮಜ್ಲಿಸಿಗೆ ಕೊಂಡೊಯ್ಯತೊಡಗಿದ. ಮಜ್ಲಿಸ್ ಎಂದರೆ ಅತಿಥಿಗಳು ಕೂರುವ ಚಾವಡಿ. ರೋಗಿಯನ್ನು ಡಾಕ್ಟರ ಬಳಿಗೆ ಒಯ್ಯಲೆಂದು ಕೊಟ್ಟ ಆಂಬುಲೆನ್ಸು ಡಾಕ್ಟರನ್ನೇ ಮಲಗಿಸಿಕೊಂಡು ರೋಗಿಯ ಮನೆಗೆ ಹೋಗುವುದನ್ನು ನೀವು ಬೇರೆಲ್ಲೂ ನೋಡಿರಲಾರಿರಿ.

ಮಜ್ಲಿಸಿನಲ್ಲಿ ಪರದೆಗೆ ಬಾಗಿಲಿನಿಂದ ದೂರದ, ಮರ್ಯಾದೆಯ ಜಾಗ. ಎರಡೂ ಕಡೆ ಒರಗು ದಿಂಬು. ಮೊದಲು ಬಖೂರಿನ ಧೂಪವನ್ನು ಅದರ ಮೂತಿಗೆ ಹಿಡಿಯುತ್ತಿದ್ದರು. ಮೊದಲ ವಾರ ಹೊಗೆಯೊಳಗಿಂದ ಅಖಿಲೇಶರು ಗಾಬರಿಯಲ್ಲಿ ಕೇಳಿದರು, “ಸಿಸ್ಟರೇ, ಅಲ್ಲಿ ಎಂತ, ಬೆಂಕಿ ಬಿದ್ದಿದೆಯಾ?” ಧೂಪ ಮುಗಿದ ಮೇಲೆ ಕುಶಲ. ಆರೋಗ್ಯ ಹೇಗೆ, ತಂದೆ ತಾಯಿ ಹೇಗೆ, ನಿಮ್ಮ ಕಡೆ ಮಳೆ ಹೇಗೆ, ಹುಲ್ಲು ಹೇಗೆ. ಕಾರ್ಕಳದ ಮಳೆಯ ವಿಚಾರ ಕೇಳಿ ಮಜ್ಲಿಸಿನಲ್ಲಿ ಕುಳಿತ ಹತ್ತು ಹನ್ನೆರಡು ಮಂದಿ ಮಾಷಾ ಅಲ್ಲಾಹ್ ಎಂದು ತಲೆದೂಗುವಷ್ಟರಲ್ಲಿ ಆರು ನಿಮಿಷ ಹೋಗಿರುತ್ತಿತ್ತು. ಆಮೇಲೆ ಕಾಫಿ. ಹಿಡಿಯಿಲ್ಲದ ಸಣ್ಣ ಫಿಂಜಾನ್ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಸುರಿದು ಮೊದಲ ಬಟ್ಟಲನ್ನು ಪರದೆಯ ಮುಂದೆ ಇಡುತ್ತಿದ್ದರು.

ಇನ್ನು ಕಾಯಿಲೆಯ ಮಾತು. ತೊಂದರೆ ಏನಾದರೂ ಉಂಟಾ ಎಂದು ಡಾಕ್ಟರು ಕೇಳಿದರೆ ಅಬೂ ಮುಆಝ್ ಅಲ್‌ಹಮ್ದುಲಿಲ್ಲಾಹ್, ಯಾವ ತೊಂದರೆಯೂ ಇಲ್ಲ ಎನ್ನುತ್ತಿದ್ದರು. ಮನೆಗೆ ಬಂದ ಅತಿಥಿಯ ಮುಂದೆ ತನ್ನ ನೋವು ತೋಡಿಕೊಳ್ಳುವವನು ಎಂಥ ಯಜಮಾನ? ರಮ್ಲತ್ ಕನ್ನಡದಲ್ಲಿ ಕಾಲಿನ ಕಥೆಯನ್ನೆಲ್ಲ ಹೇಳಿಬಿಡುತ್ತಿದ್ದಳು. ಸರಿ, ತೋರಿಸಲಿ ಎನ್ನುತ್ತಿದ್ದರು ಡಾಕ್ಟರು. ಅಲ್ಲೇ ಎಲ್ಲ ಕೆಡುತ್ತಿತ್ತು. ಅತಿಥಿಯ ಮುಖಕ್ಕೆ ಅಂಗಾಲು ತೋರಿಸುವುದಕ್ಕಿಂತ ದೊಡ್ಡ ಅವಮಾನ ಆ ಸೀಮೆಯಲ್ಲಿ ಇನ್ನೊಂದಿಲ್ಲ. ಅಬೂ ಮುಆಝ್ ಕಾಲನ್ನು ಮಡಚಿ ನಿಲುವಂಗಿಯ ಒಳಗೆ ಇನ್ನಷ್ಟು ಭದ್ರ ಮಾಡಿಕೊಳ್ಳುತ್ತಿದ್ದರು. ಫೋಟೋ ತೆಗೆಯುತ್ತೇನೆಂದರೆ, ಆ ಫೋಟೋವನ್ನು ನೋಡುವುದೂ ಅತಿಥಿಯೇ ತಾನೇ ಎನ್ನುತ್ತಿದ್ದರು. ಹನ್ನೆರಡು ನಿಮಿಷ ಮುಗಿಯುತ್ತಿತ್ತು. ಪರದೆಯ ಮೂಲೆಯಲ್ಲಿ ಪರೀಕ್ಷೆ ಮುಗಿಯಿತೆಂಬ ಹಸಿರು ಗುರುತು, ಅದರ ಕೆಳಗೆ ರೋಗಿ ಡಾಕ್ಟರಿಗೆ ಅಂಕ ಕೊಡಲು ಐದು ಸ್ಟಾರು ಮೂಡುತ್ತಿದ್ದವು.

ಒಂಬತ್ತು ಮಂಗಳವಾರ ಹೀಗೇ ಕಳೆದವು. ಸರಕಾರದ ದಾಖಲೆಯ ಪ್ರಕಾರ ಅಬೂ ಮುಆಝರನ್ನು ಒಂಬತ್ತು ಸಲ ಯಶಸ್ವಿಯಾಗಿ ಪರೀಕ್ಷೆ ಮಾಡಲಾಗಿತ್ತು. ದೂರು: ಇಲ್ಲ. ಆ ಪ್ರಾಂತ್ಯದಲ್ಲಿ ಅಷ್ಟು ಚೆನ್ನಾಗಿ ಆರೈಕೆ ಪಡೆದ ರೋಗಿ ಇನ್ನೊಬ್ಬರಿಲ್ಲ ಎಂದು ಮೇಲಿನಿಂದ ಅಭಿನಂದನೆಯ ಸಂದೇಶವೂ ಬಂತು. ಅದೇ ವಾರ ಕಪ್ಪು ಬಣ್ಣ ಬೆರಳಿನ ಬುಡಕ್ಕೆ ಇಳಿದಿತ್ತು.

ಪರದೆಯ ಹಂಗೇ ಬೇಡ, ನಾಳೆಯೇ ತಬೂಕಿಗೆ ಹೋಗೋಣ, ಎಮರ್ಜೆನ್ಸಿಯಲ್ಲಿ ಸೇರಿಸುತ್ತೇನೆ ಎಂದು ಅವಳು ಅಬೂ ಮುಆಝರಿಗೆ ಗೋಗರೆದಳು. ಅವರು ಗಂಭೀರವಾಗಿ ತಲೆಯಾಡಿಸಿದರು. ತಾನು ಈಗ ಊರು ಬಿಡುವಂತಿಲ್ಲ, ಅತಿಥಿಯ ಕೆಲಸ ಬಾಕಿ ಇದೆ ಎಂದರು. ಎಂಥ ಕೆಲಸ ಎಂದು ಕೇಳಿದರೆ ಒಂಟೆಗಳ ಕಡೆ ಹೊರಟುಬಿಟ್ಟರು.

ಉತ್ತರ ಕೊಟ್ಟವನು ಅಬ್ದುಲ್ ಅಝೀಝ್, ಆಂಬುಲೆನ್ಸಿನ ಗಾಜು ಒರೆಸುತ್ತ. ಅವನು ಅಬೂ ಮುಆಝರ ತಂಗಿಯ ಮಗ. ಅತಿಥಿಯೊಬ್ಬ ಕಾಫಿಯ ಬಟ್ಟಲನ್ನು ಕುಡಿಯದೆ ಕೆಳಗಿಟ್ಟರೆ ಅವನಿಗೆ ಯಜಮಾನನಿಂದ ಏನೋ ಆಗಬೇಕಾಗಿದೆ ಎಂದು ಅರ್ಥವಂತೆ. ಬೇಡಿಕೆ ಕೇಳಿ, ನಡೆಸಿಕೊಡುತ್ತೇನೆಂದು ಮಾತು ಕೊಟ್ಟ ಮೇಲೇ ಅವನು ಕುಡಿಯುವುದು. ಕೊಟ್ಟ ಮಾತಿಗೆ ತಪ್ಪಿದವನಿಗೆ ಊರಲ್ಲಿ ಮುಖವಿಲ್ಲ. ಡಾಕ್ಟರು ಒಂಬತ್ತು ಬಟ್ಟಲು ಕುಡಿಯದೆ ಬಿಟ್ಟಿದ್ದಾರೆ. ಬಾಯಿಬಿಟ್ಟು ಕೇಳಲಾಗದಷ್ಟು ದೊಡ್ಡ ಬೇಡಿಕೆ ಏನಿರಬಹುದೆಂದು ಮಾವನಿಗೆ ನಿದ್ದೆ ಇಲ್ಲ, ಬಿಳಿ ಒಂಟೆಯನ್ನು ಆಗಲೇ ಮನಸ್ಸಿನಲ್ಲೇ ಬೀಳ್ಕೊಟ್ಟಾಗಿದೆ ಎಂದ.

ರಮ್ಲತ್ ಹಣೆ ಚಚ್ಚಿಕೊಂಡಳು. ಪರದೆ ಹೇಗೆ ಕುಡಿಯುತ್ತದೆ ಎಂದು ಕೇಳಿದಳು. ಕುಡಿಯಲಾಗದವರು ಯಾಕೆ ಬೇಡ ಅನ್ನುವುದಿಲ್ಲ, ಕೈ ಅಡ್ಡ ಹಿಡಿಯುವುದಿಲ್ಲ ಎಂದು ಅಬ್ದುಲ್ ಅಝೀಝ್ ತಿರುಗಿ ಕೇಳಿದ. ಅವಳು ಅಖಿಲೇಶರಿಗೆ ಫೋನು ಮಾಡಿ ಎಲ್ಲ ವಿವರಿಸಿದಳು. ಅವರು ಬಿದ್ದು ಬಿದ್ದು ನಕ್ಕು, ತನಗೆ ಯಾವ ಬೇಡಿಕೆಯೂ ಇಲ್ಲ ಎಂದು ಹೇಳಿಬಿಡಿ ಎಂದರು. ಹಾಗೆಂದರೆ ಒಂಬತ್ತು ವಾರ ಮನೆಯ ಕಾಫಿಯನ್ನು ಸುಮ್ಮನೆ ತಿರಸ್ಕರಿಸಿದಂತಾಗುತ್ತದೆ, ಪರದೆ ಮತ್ತೆ ಆ ಹೊಸಿಲು ದಾಟುವುದಿಲ್ಲ ಎಂದು ಅವಳು ಹೇಳಿದ ಮೇಲೆ ನಗು ನಿಂತಿತು.

ಹತ್ತನೆಯ ಮಂಗಳವಾರ ಮಜ್ಲಿಸ್ ತುಂಬಿತ್ತು. ಧೂಪ ಆಯಿತು, ಕುಶಲ ಆಯಿತು, ಹತ್ತನೆಯ ಬಟ್ಟಲು ಪರದೆಯ ಮುಂದೆ ಕುಳಿತಿತು. ಮೂರು ನಿಮಿಷ ಉಳಿದಿರುವಾಗ ಅಬೂ ಮುಆಝ್ ಕೋಲೂರಿ ಎದ್ದು ನಿಂತರು. ನೋವಿಗೆ ಅವರ ತುಟಿ ಬಿಳಿಚಿದ್ದು ರಮ್ಲತಳಿಗೆ ಕಂಡಿತು.

“ಅತಿಥಿಗಳೇ, ನಿಮ್ಮ ಬಟ್ಟಲು ತಣ್ಣಗಾಗುತ್ತಿದೆ,” ಎಂದರು. “ನಿಮಗೆ ಬೇಕಾದ್ದನ್ನು ಇವತ್ತು ಕೇಳಿಬಿಡಿ. ನನ್ನಲ್ಲಿ ಇದ್ದರೆ ಅದು ನಿಮ್ಮದು. ಅಲ್ಲಾಹನ ಮೇಲೆ ಆಣೆ.”

ಏನಂತೆ ಎಂದು ಅಖಿಲೇಶರು ಕೇಳಿದರು. ನಿಮಗೆ ಏನು ಬೇಕೆಂದು ಕೇಳುತ್ತಿದ್ದಾರೆ ಎಂದಳು ರಮ್ಲತ್. ಡಾಕ್ಟರು ಗಡಿಯಾರ ನೋಡಿದರು, ತುಸು ಯೋಚಿಸಿದರು.

“ಕೇಳಲೇಬೇಕು ಅಂತ ಇದ್ದರೆ, ಕೊನೆಗೆ ಆ ಐದು ಸ್ಟಾರ್ ಒತ್ತಲಿಕ್ಕೆ ಹೇಳಿ ಮಾರಾಯ್ರೆ. ಈ ತಿಂಗಳು ನಂದು ಮೂರೂವರೆಗೆ ಇಳಿದಿದೆ.”

ಮಜ್ಲಿಸಿನ ಎಲ್ಲ ಕಣ್ಣುಗಳೂ ರಮ್ಲತಳ ಬಾಯಿಯ ಮೇಲಿದ್ದವು. ಒಬ್ಬ ಹಿರಿಯ ಮನುಷ್ಯ ತನ್ನ ಒಂಟೆ, ಹಟ್ಟಿ, ಮಾನ ಎಲ್ಲವನ್ನೂ ಕೈಯಲ್ಲಿ ಹಿಡಿದು ನಿಂತಿದ್ದಾರೆ, ಆ ಕಡೆಯಿಂದ ಕೇಳುತ್ತಿರುವುದು ಐದು ಸ್ಟಾರು. ಅವಳು ಬದುಕಿನಲ್ಲಿ ಸುಳ್ಳು ಹೇಳಿದವಳಲ್ಲ ಎಂದೇನಲ್ಲ, ಆದರೆ ಅಲ್ಲಾಹನ ಆಣೆಯ ಎದುರು ಎಂದೂ ಹೇಳಿರಲಿಲ್ಲ. ನಿಲುವಂಗಿಯ ಅಂಚಿನಲ್ಲಿ ನಿನ್ನೆಯ ಪಟ್ಟಿ ಕಂಡಿತು. ಉಪ್ಪಾಪನ ನೆನಪಾಯಿತು.

“ಅವರು ನಿಮ್ಮ ಬಲಗಾಲು ಕೇಳುತ್ತಿದ್ದಾರೆ,” ಎಂದಳು.

ಕಾಫಿ ಸುರಿಯುತ್ತಿದ್ದವನ ಕೈ ನಿಂತಿತು. ಅಬೂ ಮುಆಝ್ ಬಹಳ ಹೊತ್ತು ಪರದೆಯನ್ನೇ ನೋಡಿದರು. ಮುಖ, ಕುತ್ತಿಗೆ, ಟೈ. ಅದರ ಕೆಳಗೆ ಸ್ಟ್ಯಾಂಡಿನ ಕಬ್ಬಿಣದ ಕಂಬ, ನಾಲ್ಕು ಚಕ್ರ. ನೋಡುತ್ತ ನೋಡುತ್ತ ಅವರ ಮುಖದಲ್ಲಿ ಕನಿಕರ ತುಂಬಿಬಂತು.

“ಹೌದಲ್ಲ, ಪಾಪ,” ಎಂದರು ಮೆಲ್ಲಗೆ. “ನನಗೇ ಹೊಳೆಯಬೇಕಿತ್ತು.”

ಕಾಲು ನಿಮ್ಮದು, ನಿಮ್ಮ ಕಾಫಿ ಕುಡಿಯಿರಿ ಎಂದು ಅವರು ಘೋಷಿಸಿದರು. ಅತಿಥಿಯ ಪರವಾಗಿ ರಮ್ಲತಳೇ ಕುಡಿಯಬೇಕಾಯಿತು. ತಣ್ಣಗಾದ ಆ ಕಹಿ ಕಾಫಿಯನ್ನು ಅವಳು ಒಂದೇ ಗುಟುಕಿಗೆ ನುಂಗಿದಳು. ಅಬೂ ಮುಆಝ್ ಕುಳಿತು, ನಿಲುವಂಗಿ ಸರಿಸಿ, ಹತ್ತು ವಾರ ಅಡಗಿಸಿಟ್ಟ ಕಾಲನ್ನು ಅಂಗಾಲು ಸಮೇತ ಕ್ಯಾಮೆರಾದ ಮೂಗಿಗೆ ಚಾಚಿದರು. ಅವರವರ ಕಾಲನ್ನು ಅವರವರಿಗೆ ತೋರಿಸಿದರೆ ಅವಮಾನವಾಗುವುದಿಲ್ಲವಲ್ಲ. ಪಟ್ಟಿ ಬಿಚ್ಚಿದೊಡನೆ ಅಖಿಲೇಶರ ಮುಖ ಬದಲಾಯಿತು, ಸ್ಟಾರುಗಳು ಮರೆತುಹೋದವು. ಇಷ್ಟು ದಿನ ಎಂತ ಮಾಡ್ತಿದ್ದದ್ದು ನಾವು ಎಂದು ತಮ್ಮನ್ನೇ ಬೈದುಕೊಳ್ಳುತ್ತ, ಹನ್ನೆರಡನೆಯ ನಿಮಿಷದ ಕೊನೆಯ ಸೆಕೆಂಡುಗಳಲ್ಲಿ ಫಾರ್ಮಿನ ಮೇಲೆ ತುರ್ತು ಎಂದು ಗುರುತು ಹಾಕಿದರು.

ಮರುದಿನ ಆಂಬುಲೆನ್ಸಿನಲ್ಲಿ ಮೊದಲ ಸಲ ರೋಗಿಯೊಬ್ಬರು ಮಲಗಿದರು. ದಾರಿಯುದ್ದಕ್ಕೂ ಅಬೂ ಮುಆಝ್ ಶಾಂತವಾಗಿದ್ದರು. ಕೊಟ್ಟ ಮಾತು ನಡೆಸಲು ಹೋಗುತ್ತಿದ್ದರು, ಚಿಕಿತ್ಸೆಗಲ್ಲ. ಕಾಲನ್ನು ಮರಳಲ್ಲಿ ಹೂಳುವ ಬದಲು ಐಸಿನಲ್ಲಿಟ್ಟು ರಿಯಾದಿಗೆ ಕಳಿಸಬೇಕೆಂದು ಒಮ್ಮೆ ನೆನಪಿಸಿದರು. ರಮ್ಲತ್ ಕಿಟಕಿಯ ಹೊರಗೆ ನೋಡಿದಳು.

ತಬೂಕಿನ ಆಸ್ಪತ್ರೆಯಲ್ಲಿ ಸರ್ಜನ್ ಕಾಲು ನೋಡಿ, ಎರಡು ಬೆರಳು ತೆಗೆದರೆ ಸಾಕು, ಪಾದ ಉಳಿಯುತ್ತದೆ, ಇನ್ನೊಂದು ವಾರ ತಡವಾಗಿದ್ದರೆ ಹೇಳುವಂತಿರಲಿಲ್ಲ ಎಂದರು. ರಮ್ಲತ್ ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ಸಮಾಧಾನವಾಗುವಷ್ಟು ಅತ್ತಳು. ಕಣ್ಣೊರೆಸಿಕೊಂಡು ಒಳಗೆ ಬಂದಾಗ ಅಬೂ ಮುಆಝ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ನಿರಾಕರಿಸುತ್ತಿದ್ದರು. ಕಾಲು ತನ್ನದಲ್ಲ, ಇನ್ನೊಬ್ಬರ ವಸ್ತುವಿನಿಂದ ಎರಡು ಬೆರಳು ಕತ್ತರಿಸಲು ತಾನು ಹೇಗೆ ಒಪ್ಪಿಗೆ ಕೊಡಲಿ ಎಂಬುದು ಅವರ ವಾದ. ಬೇರೆ ಸರ್ಜನ್ ಆಗಿದ್ದರೆ ಮನೋರೋಗದ ವಿಭಾಗಕ್ಕೆ ಚೀಟಿ ಬರೆಯುತ್ತಿದ್ದರು. ಇವರು ಆ ಕಡೆಯ ಬುಡಕಟ್ಟಿನವರೇ. ಕುಡಿಯದೆ ಇಟ್ಟ ಹತ್ತು ಬಟ್ಟಲಿನ ವಿಚಾರ ಕೇಳಿ ಪೆನ್ನು ಕೆಳಗಿಟ್ಟು, ಹಾಗಿದ್ದರೆ ಕಾಲಿನ ಮಾಲೀಕರನ್ನು ಕೇಳದೆ ಆಗುವುದಿಲ್ಲ ಎಂದು ಅವರೂ ಒಪ್ಪಿಬಿಟ್ಟರು.

ಅಖಿಲೇಶರು ಆಗ ರಿಯಾದಿನ ಮೆಟ್ರೋದಲ್ಲಿ ನಿಂತಿದ್ದರು. ರಮ್ಲತ್ ಫೋನಿನಲ್ಲಿ ತನ್ನ ಸುಳ್ಳನ್ನು ಮೊದಲ ಸಲ ಒಪ್ಪಿಕೊಂಡಳು.

“ಡಾಕ್ಟ್ರೇ, ನೀವು ಅವರ ಕಾಲು ಕೇಳಿದ್ದೀರಿ ಅಂತ ನಾನು ಹೇಳಿದ್ದು. ಅವರು ಕೊಟ್ಟಿದ್ದಾರೆ.”

ಆ ಕಡೆ ಒಂದು ಸ್ಟೇಷನ್ ದಾಟಿತು. ಆಮೇಲೆ, ಅದನ್ನು ನಾನು ಎಲ್ಲಿ ಇಟ್ಟುಕೊಳ್ಳುದು ಎಂದು ಕೇಳಿದರು. ಇಟ್ಟುಕೊಳ್ಳುವುದು ಬೇಡ, ಒಪ್ಪಿಗೆ ಕೊಟ್ಟರೆ ಸಾಕು ಎಂದಳು. ಸ್ಪೀಕರಿನಲ್ಲಿ, ಇಂಗ್ಲಿಷಿನಲ್ಲಿ, ಗಟ್ಟಿಯಾಗಿ, ತನ್ನ ಬಲಗಾಲಿನ ಎರಡು ಬೆರಳು ತೆಗೆಯಲು ತನ್ನ ಒಪ್ಪಿಗೆಯಿದೆ ಎಂದು ಅಖಿಲೇಶರು ಘೋಷಿಸಿದಾಗ ಮೆಟ್ರೋದಲ್ಲಿದ್ದವರೆಲ್ಲ ಅವರ ಶೂಗಳನ್ನು ನೋಡಿದರಂತೆ. ಅಷ್ಟು ಹೊತ್ತಿಗೆ ಅವರಿಗೂ ಆ ಕಾಲಿನ ಮೇಲೆ ಮಮತೆ ಹುಟ್ಟಿರಬೇಕು. ಕನ್ನಡದಲ್ಲಿ ಒಂದು ಮಾತು ಸೇರಿಸಿದರು.

“ಉಳಿದ ಮೂರು ಬೆರಳು ಅವರ ಹತ್ತಿರವೇ ಇರಲಿ ಅಂತ ಹೇಳಿ ಸಿಸ್ಟರೇ. ನಾನು ಬರುವವರೆಗೆ ಜಾಗ್ರತೆ ನೋಡಿಕೊಳ್ಳಲಿ.”

ಈ ಸಲ ರಮ್ಲತ್ ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಅನುವಾದಿಸಿದಳು. ಅಬೂ ಮುಆಝ್ ಎದೆಯ ಮೇಲೆ ಕೈಯಿಟ್ಟು, ಅಮಾನತ್ ಎಂದರು. ಒಬ್ಬರು ನಂಬಿ ನಮ್ಮ ಬಳಿ ಬಿಟ್ಟುಹೋದ ವಸ್ತು ಅಮಾನತ್. ಅದರ ಭಾರವೇನೆಂದು ಮದ್ರಸದಲ್ಲಿ ಕಲಿತ ರಮ್ಲತಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಒಪ್ಪಿಗೆ ಪತ್ರದಲ್ಲಿ ಕಾಲಿನ ಮಾಲೀಕರ ಇಕಾಮಾ ನಂಬರು, ಅಂದರೆ ಪರದೇಶಿಯರ ವಾಸದ ಪರವಾನಗಿಯ ನಂಬರು, ಬರೆಯಬೇಕಾಗಿ ಬಂತು. ಗುಮಾಸ್ತ ಬರೆದ. ಆಪರೇಷನ್ ಚೆನ್ನಾಗಿ ಆಯಿತು. ಆದರೆ ಮುಂದಿನ ವಾರ ಅಖಿಲೇಶರಿಗೆ ಕಚೇರಿಯಿಂದ ಸಂತಾಪದ ಪತ್ರ ಬಂತು. ಎರಡು ಬೆರಳು ಕಳೆದುಕೊಂಡ ಸಿಬ್ಬಂದಿ ಆರು ವಾರ ಕಡ್ಡಾಯವಾಗಿ ವಿಶ್ರಾಂತಿ ಪಡೆಯತಕ್ಕದ್ದು. ಅವರು ಕಚೇರಿಗೆ ಹೋಗಿ ಸಾಕ್ಸ್ ಕಳಚಿ ತೋರಿಸಿದರು. ಕೌಂಟರಿನವನು ಬಗ್ಗಿ ಎರಡು ಸಲ ಎಣಿಸಿದ, ಹತ್ತು ಇತ್ತು. ಕಂಪ್ಯೂಟರ್ ನೋಡಿದ, ಎಂಟು ಇತ್ತು. ತೆಗೆದ ಬೆರಳುಗಳನ್ನು ಮರಳಿ ಜೋಡಿಸಲಾಗಿದೆ ಎಂದು ತಬೂಕಿನಿಂದ ಸರ್ಟಿಫಿಕೇಟು ತಂದರೆ ಸರಿಪಡಿಸಬಹುದು ಎಂದು ಅವನು ಸೌಜನ್ಯದಿಂದಲೇ ಹೇಳಿದ. ಅಖಿಲೇಶರು ಒಂದು ಕ್ಷಣ ಯೋಚಿಸಿ, ಸಾಕ್ಸ್ ಹಾಕಿಕೊಂಡು, ಆರು ವಾರದ ರಜೆಗೆ ಕಾರ್ಕಳಕ್ಕೆ ಹೋದರು. ಸಂಬಳ ಸಹಿತ ಸಿಕ್ಕ ರಜೆಯನ್ನು ಬೇಡ ಎನ್ನುವ ಕರಾವಳಿಯವನು ಇನ್ನೂ ಹುಟ್ಟಿಲ್ಲ.

ಇತ್ತ ಅಬೂ ಮುಆಝ್ ಊರಿಗೆ ಮರಳಿದ್ದರು. ಮೊದಲ ದಿನ ಪಟ್ಟಿ ಬದಲಿಸಲು ಹೋದ ರಮ್ಲತ್ ಬಾಗಿಲಲ್ಲೇ ನಿಂತುಬಿಟ್ಟಳು. ಮುದುಕರು ಬೆಚ್ಚಗಿನ ನೀರಿನ ಬೋಗುಣಿ ಮುಂದಿಟ್ಟುಕೊಂಡು, ಬಲಗಾಲಿನ ಬೆರಳ ಸಂದುಗಳನ್ನು ಮೆತ್ತನೆಯ ಬಟ್ಟೆಯಿಂದ ಒಂದೊಂದಾಗಿ ಒತ್ತಿ ಒರೆಸುತ್ತಿದ್ದರು. ಅವಳು ತಿಂಗಳುಗಟ್ಟಲೆ ಹೇಳಿ ಹೇಳಿ ಸೋತಿದ್ದ ಪ್ರತಿಯೊಂದು ಕೆಲಸವೂ ಹೇಳದೆ ನಡೆಯುತ್ತಿತ್ತು. ದಪ್ಪ ಸಾಕ್ಸ್ ಇಲ್ಲದೆ ಆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಖರ್ಜೂರದ ಬಟ್ಟಲು ಬಂದರೆ ಅವರು ಕಾಲಿನ ಕಡೆ ನೋಡಿ, ಇವರಿಗೆ ಆಗಿಬರುವುದಿಲ್ಲ ಎಂದು ದೂರ ತಳ್ಳುತ್ತಿದ್ದರು. ತನ್ನ ಕಾಲನ್ನು ಎಪ್ಪತ್ತು ವರ್ಷ ಕಲ್ಲು ಮುಳ್ಳಿಗೆ ಬಿಟ್ಟಿದ್ದ ಮನುಷ್ಯ ಇನ್ನೊಬ್ಬರ ಕಾಲಿಗೆ ಗಾಳಿ ಕೂಡ ಸೋಕಗೊಡುತ್ತಿರಲಿಲ್ಲ. ಗಾಯ ಮಾಯುತ್ತ ಬಂತು. ರಮ್ಲತಳಿಗೆ ಎಷ್ಟೋ ಸಲ ನಿಜ ಹೇಳಿಬಿಡಬೇಕು ಅನಿಸಿತು. ಪ್ರತಿ ಸಲವೂ ಆ ಸಾಕ್ಸ್ ನೋಡಿ ಬಾಯಿ ಮುಚ್ಚಿಕೊಂಡಳು, ಅದಕ್ಕಾಗಿ ಪಶ್ಚಾತ್ತಾಪವನ್ನೂ ಪಡಲಿಲ್ಲ.

ಅವರು ಊರಿಗೆ ಮರಳಿದ ಮೂರನೆಯ ಮಂಗಳವಾರ ಪರದೆಯಲ್ಲಿ ಹೊಸ ಮುಖ ಮೂಡಿತು. ಅಖಿಲೇಶರು ಬರುವವರೆಗೆ ಯಾನ್ಬುವಿನಿಂದ ಎರವಲು ತಂದ ಡಾಕ್ಟರ್ ಅತೀಕುರ್ರಹ್ಮಾನ್, ಹೈದರಾಬಾದಿನವರು. ರಮ್ಲತಳ ಜೊತೆ ಅವರದು ಉರ್ದು. ಅವರಿಗೆ ಏನನ್ನೂ ವಿವರಿಸಲು ಅವಳಿಗೆ ಸಮಯ ಸಿಕ್ಕಿರಲಿಲ್ಲ. ಧೂಪ ಆಯಿತು, ಕುಶಲ ಆಯಿತು, ಹೈದರಾಬಾದಿನ ಮಳೆಯೂ ಆಯಿತು. ಫಿಂಜಾನ್ ಪರದೆಯ ಮುಂದೆ ಕುಳಿತಿತು, ಆರತೊಡಗಿತು.

ಅಬೂ ಮುಆಝ್ ಬಟ್ಟಲನ್ನು ನೋಡಿದರು, ಪರದೆಯ ಕೆಳಗಿನ ಕಬ್ಬಿಣದ ಕಂಬವನ್ನು ನೋಡಿದರು, ದೊಡ್ಡದೊಂದು ನಿಟ್ಟುಸಿರು ಬಿಟ್ಟರು. ಇವರಿಗೂ ಕಾಲಿಲ್ಲ, ಆದರೆ ಇವರನ್ನು ಒಂಬತ್ತು ವಾರ ಕಾಯಿಸುವುದಿಲ್ಲ ಎಂದು ಮಜ್ಲಿಸಿಗೆ ಕೇಳುವಂತೆ ಹೇಳಿ, ಎಡಗಾಲನ್ನು ನಿಲುವಂಗಿಯಿಂದ ಹೊರಗೆ ತೆಗೆದರು. ಬಲಗಾಲು ಹಿಂದಿನವರದು, ಅದನ್ನು ಕೊಡಲಾರೆ, ಇದು ನಿಮ್ಮದು, ನಿಮ್ಮ ಕಾಫಿ ಕುಡಿಯಿರಿ ಎಂದು ಹೊಸ ಡಾಕ್ಟರಿಗೆ ಅಂಗಾಲು ಚಾಚಿದರು.

ರಮ್ಲತ್ ಮುಂದೆ ಬಂದು ಮೊಣಕಾಲೂರಿ ಕುಳಿತಳು. ಈ ಎಡಗಾಲಿನ ಅಡಿಯನ್ನು ಅವರು ಇದುವರೆಗೆ ಅವಳಿಗೂ ತೋರಿಸಿರಲಿಲ್ಲ, ಚೆನ್ನಾಗಿದೆ ಎಂದಷ್ಟೇ ಹೇಳುತ್ತಿದ್ದರು. ಹೆಬ್ಬೆರಳ ಕೆಳಗೆ, ಚರ್ಮ ಗಟ್ಟಿಯಾದ ಕಡೆ, ಒಂದು ಬಿರುಕು ಇತ್ತು. ಇನ್ನೂ ಕಪ್ಪಾಗಿರಲಿಲ್ಲ, ಅಂಚು ಮಾತ್ರ ಕೆಂಪು. ಈಗ ಕಂಡಿದ್ದರಿಂದ ಬಚಾವು. ಅವಳು ಬೆರಳಿನಿಂದ ಸುತ್ತ ಮೆಲ್ಲಗೆ ಒತ್ತಿ ನೋಡಿದಳು.

ಅಬೂ ಮುಆಝ್ ನಾಚಿಕೊಂಡು, ಪರದೆಯವರಿಗೆ ಕೇಳಿಸದಷ್ಟು ಮೆತ್ತಗೆ ಅವಳ ಕಡೆ ಬಾಗಿದರು.

“ಅವರಿಗೆ ಬೇಸರ ಮಾಡಿಕೊಳ್ಳಬೇಡಿ ಅನ್ನು ಮಗಳೇ. ಕಾಲು ಇನ್ನೂ ನನ್ನದಾಗಿದ್ದಾಗ ಆದದ್ದು ಅದು.”